ಎರಡನೆಯ ಬ್ರೇಕು

ಮಾರ್ಚ್ 3, ಸೋಮವಾರ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲೆ ಕುಳಿತು ಆಗಲೇ ಗಡಿಯಾರ ನೋಡುತ್ತಿರುವ ಗಣ್ಯರೇ, ಮೈಕು ಸರಿಮಾಡಿಸಲು ಹೋಗಿ ನಾಪತ್ತೆಯಾಗಿರುವ ಕಾರ್ಯದರ್ಶಿಗಳೇ, ಕೊನೆಯಲ್ಲಿ ಚಹಾ ಉಂಟೆಂಬ ಒಂದೇ ನಂಬಿಕೆಯಿಂದ ಹಿಂದಿನ ಸಾಲು ಹಿಡಿದಿರುವ ಮಹಾಜನರೇ,

ತಮ್ಮೆಲ್ಲರ ಮುಂದೆ ಒಂದು ನಿಧನವಾರ್ತೆ ಓದಲು ನಿಂತಿದ್ದೇನೆ. ತೀರಿಕೊಂಡದ್ದು ನಮ್ಮ ದೊಡ್ಡ ರಸ್ತೆಯ ಕಾರು ಸಂಚಾರ. ಬಹಳ ಕಾಲದಿಂದ ಉಸಿರುಕಟ್ಟಿ ನರಳುತ್ತಿತ್ತು. ಇಂದು ಬೆಳಗ್ಗೆ ನಗರಪಾಲಿಕೆಯವರು ಬಂದು ರಸ್ತೆಯ ಎರಡೂ ತುದಿಗೆ ಸೊಂಟದೆತ್ತರದ ಹಳದಿ ಕಂಬಗಳನ್ನು ನೆಟ್ಟು, ಕೈ ಒರೆಸಿಕೊಂಡು ಹೋದರು. ಕಂಬಗಳ ನಡುವೆ ಸೈಕಲ್ಲು ತೂರುತ್ತದೆ, ಕಾರು ತೂರುವುದಿಲ್ಲ. ಒಂಬತ್ತು ಗಂಟೆಯ ಹೊತ್ತಿಗೆ ಟೈ ಕಟ್ಟಿದವರು, ಪುಸ್ತಕದ ಚೀಲದವರು, ತರಕಾರಿ ಬುಟ್ಟಿಯವರು, ಎಲ್ಲರೂ ಸೈಕಲ್ಲಿನ ಮೇಲೆ. ಟ್ರಿಣ್ ಟ್ರಿಣ್ ಬಿಟ್ಟರೆ ಬೇರೆ ಸದ್ದಿಲ್ಲ. ರಸ್ತೆ ಸಾವಿನ ಮನೆಯಂತಿತ್ತು ಎಂದು ಬರೆಯಲು ಹೊರಟಿದ್ದೆ. ನಿಜ ಹೇಳಬೇಕೆಂದರೆ ಮದುವೆ ಮನೆಯಂತಿತ್ತು. ಅದೇ ನನ್ನ ಹೊಟ್ಟೆಯುರಿ.

ಭಾಷಣಕಾರನ ಪರಿಚಯವನ್ನು ಭಾಷಣಕಾರನೇ ಮಾಡಿಕೊಳ್ಳಬೇಕಾದ ಸಭೆಯಿದು. ವಯಸ್ಸು ನಲವತ್ತಾರು. ಕಾಲೇಜಿನಲ್ಲಿ ಛಂದಸ್ಸು ಓದಿ ಪದವಿ ಪಡೆದವನು, ಛಂದಸ್ಸು ಹೊಟ್ಟೆ ತುಂಬಿಸದೆ ಕ್ಲಚ್ಚು ಹಿಡಿದವನು. ಇಪ್ಪತ್ತೆರಡು ವರ್ಷದಿಂದ ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಪಾಠವೆಲ್ಲ ಪ್ರಾಸದಲ್ಲೇ:

ಕ್ಲಚ್ಚನೊತ್ತು, ಗೇರನೆತ್ತು,
ಕನ್ನಡಿಯಲಿ ನೋಡು ಸುತ್ತು,
ಬಂತೋ ಏನೋ ಮುಂದೆ ಕುತ್ತು,
ಯೋಚಿಸಬೇಡ, ಬ್ರೇಕು ಒತ್ತು.

ಮೂರು ಸಾವಿರ ಜನಕ್ಕೆ ಕಲಿಸಿದ್ದೇನೆ. ಒಂದು ಗೀರು ಬಿದ್ದಿಲ್ಲ. ಗುಟ್ಟು ಇಷ್ಟೆ: ನಮ್ಮ ಕಾರಿಗೆ ಎರಡು ಬ್ರೇಕು. ಒಂದು ಕಲಿಯುವವರ ಕಾಲಡಿ, ಇನ್ನೊಂದು ಪಕ್ಕದ ಸೀಟಿನಲ್ಲಿ ಕೂರುವ ನನ್ನ ಬಲಗಾಲಡಿ. ಅವರು ಬೆವರುತ್ತಾರೆ, ನಾನು ಒತ್ತುತ್ತೇನೆ. ಗಾಡಿ ನಿಂತಾಗ ತಾವೇ ನಿಲ್ಲಿಸಿದೆವೆಂದು ಹಿಗ್ಗುತ್ತಾರೆ. ಹಿಗ್ಗಲಿ ಎಂದು ಸುಮ್ಮನಿರುತ್ತೇನೆ.

ಸಭಿಕರು ಕೇಳಬಹುದು, ಊರಿಗೆಲ್ಲ ಕಲಿಸಿದವನು ಹೆಂಡತಿಗೆ ಕಲಿಸಲಿಲ್ಲವೇ ಎಂದು. ಕಲಿಸಿದೆ. ಹದಿನಾರು ವರ್ಷದ ಹಿಂದೆ ಪರೀಕ್ಷೆಗೂ ಕೂತಳು. ಗಾಡಿ ನಡುರಸ್ತೆಯಲ್ಲಿ ನಿಂತುಬಿಟ್ಟಿತು. ಫೇಲು. ಆಮೇಲೆ ಅವಳು ಸ್ಟೇರಿಂಗ್ ಮುಟ್ಟಲಿಲ್ಲ. ನಾಲ್ಕು ಜನ ನೆಂಟರು ಸೇರಿದರೆ ಈ ಜೋಕು ಇಲ್ಲದೆ ಊಟ ಇಳಿಯುವುದಿಲ್ಲ: "ಮೇಷ್ಟ್ರ ಹೆಂಡ್ತಿನೇ ಫೇಲು!" ಅವಳೂ ನಗುತ್ತಾಳೆ.

ಮುಂದಿನ ವಿಷಯಕ್ಕೆ ಹೋಗೋಣ.

ಮಾರ್ಚ್ 6, ಗುರುವಾರ

ಇಂದು ಬಂದ ವಿದ್ಯಾರ್ಥಿಗಳು: ಸೊನ್ನೆ. ಫೋನ್ ಮಾಡಿದವರು: ಒಬ್ಬರು. ಕಟ್ಟಿದ ಫೀಜು ವಾಪಸು ಸಿಗುತ್ತದೆಯೇ ಎಂದು.

ಮಾರ್ಚ್ 11, ಮಂಗಳವಾರ

ನಮ್ಮ ಸ್ಕೂಲಿನ ಯಜಮಾನರಿಗೆ 'ಹಾರನ್' ಎಂದು ಹೆಸರಿಟ್ಟವನು ನಾನೇ. ಗುಟ್ಟು ಹೇಳುವಾಗಲೂ ಮೂರು ಮನೆಯಾಚೆ ನಾಯಿ ಎದ್ದು ಕೂರುತ್ತದೆ. ಇಂದು ಬಾಗಿಲಲ್ಲೇ ಬಾರಿಸಿದರು.

"ಮೇಷ್ಟ್ರೇ! ಕಾರಿನ ಕಥೆ ಮುಗೀತು! ಇನ್ಮೇಲೆ ಸೈಕಲ್ಲು!"

"ಸೈಕಲ್ ಕಲಿಸೋಕೆ ಸ್ಕೂಲ್ ಯಾಕೆ ಸಾರ್? ಮಕ್ಕಳು ಬಿದ್ದೂ ಬಿದ್ದೂ ತಾವೇ ಕಲೀತಾವೆ."

"ಮಕ್ಕಳು ಬಿದ್ರೆ ಗಾಯ. ದೊಡ್ಡವರು ಬಿದ್ರೆ ನಾಚಿಕೆ ಕಣ್ರೀ. ಈ ಊರಲ್ಲಿ ಸೈಕಲ್ ಬರದ ದೊಡ್ಡವರು ಎಷ್ಟು ಜನ ಇದ್ದಾರೆ ಗೊತ್ತಾ? ಎಲ್ರೂ ಫುಟ್‌ಪಾತಲ್ಲಿ ನಿಂತು ಆಸೆಯಿಂದ ನೋಡ್ತಾ ಇದ್ದಾರೆ. ಅವರನ್ನ ಬೀಳದ ಹಾಗೆ ಕಲಿಸೋದು ನಿಮ್ಮ ಕೆಲಸ."

ಷರತ್ತು ಹೀಗೆ: ಮೇ ತಿಂಗಳ ಕೊನೆಯೊಳಗೆ ಆರು ಜನ ಕಲಿಯಬೇಕು. ಆರೂ ಜನ ದೊಡ್ಡ ರಸ್ತೆಯನ್ನು ಈ ತುದಿಯಿಂದ ಆ ತುದಿಗೆ ಕಾಲೂರದೆ ದಾಟಬೇಕು. ದಾಟಿದರೆ ಸ್ಕೂಲು ಉಳಿಯುತ್ತದೆ. ಇಲ್ಲದಿದ್ದರೆ ಬೀಗ. "ನಾನು ತಂಗಿ ಊರಿಗೆ ಹೋಗಿ ಜೇನು ಸಾಕ್ತೀನಿ. ನಿಮ್ಮನ್ನ ಯಾರು ಸಾಕ್ತಾರೋ ನೀವೇ ನೋಡ್ಕೊಳ್ಳಿ."

ನಲವತ್ತಾರರಲ್ಲಿ ಹೊಸ ಕೆಲಸ ಹುಡುಕುವುದೆಂದರೆ ಬೋಳುತಲೆಗೆ ಬಾಚಣಿಗೆ ಹುಡುಕಿದಂತೆ. ಒಪ್ಪಿಕೊಂಡೆ.

ಮಾರ್ಚ್ 17, ಸೋಮವಾರ

ಕಲಿಸುವ ಮೊದಲು ನಾನೊಮ್ಮೆ ಹತ್ತಿ ನೋಡಿದೆ. ಹೈಸ್ಕೂಲಿನ ತನಕ ತುಳಿದವನು. ಒಮ್ಮೆ ಕಲಿತ ಸೈಕಲ್ಲು ಮರೆಯುವುದಿಲ್ಲ ಎನ್ನುತ್ತಾರೆ. ತಲೆ ಮರೆತಿರಲಿಲ್ಲ. ಆದರೆ ಬಲಗಾಲು, ಎದುರಿಗೆ ಬೆಕ್ಕೊಂದು ಬಂದ ಕೂಡಲೇ, ಪೆಡಲು ಬಿಟ್ಟು ಗಾಳಿಯಲ್ಲಿ ಬ್ರೇಕು ಹುಡುಕಿತು. ಬೆಕ್ಕು ಉಳಿಯಿತು. ಮೊಣಕೈ ಸಿಪ್ಪೆ ಸುಲಿಯಿತು.

ಮನೆಯಲ್ಲಿ ಹೆಂಡತಿ ಗಾಯಕ್ಕೆ ಹತ್ತಿ ಒತ್ತುತ್ತಾ ಬಾಯಿಮುಚ್ಚಿಕೊಂಡು ನಗುತ್ತಿದ್ದಳು. ಅವಳು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ದಿನವಿಡೀ ಮಬ್ಬು ಕೋಣೆಯಲ್ಲಿ ಗಾಜು ಬದಲಿಸುತ್ತಾ, "ಇದರಲ್ಲಿ ಚೆನ್ನಾಗಿ ಕಾಣತ್ತಾ, ಅದರಲ್ಲಾ?" ಎಂದು ಕೇಳುವ ಉದ್ಯೋಗ. ಇಷ್ಟು ವರ್ಷ ನಾನು ಕಾರಿನಲ್ಲಿ ಬಿಟ್ಟುಬರುತ್ತಿದ್ದೆ. ಅಂಗಡಿ ಇರುವುದು ದೊಡ್ಡ ರಸ್ತೆಯಲ್ಲೇ, ಕಂಬ ಬಂದ ಮೇಲೆ ಅವಳು ನಲವತ್ತು ನಿಮಿಷ ನಡೆಯುತ್ತಾಳೆ.

"ರೀ, ನನಗೂ ಕಲಿಸ್ರಿ. ನಡೆದೂ ನಡೆದೂ ಚಪ್ಪಲಿ ಸವೀತು."

"ಬ್ಯಾಚ್ ತುಂಬಿದೆ ಕಣೇ."

"ಆಗಲೇ?"

"ಹೂಂ. ನೂಕುನುಗ್ಗಲು."

ಅವಳು ಹತ್ತಿ ಕೆಳಗಿಟ್ಟು, "ಇರಲಿ ಬಿಡಿ. ಹೇಗೂ ನನ್ನ ಕೈಗೆ ಗಾಡಿಗೀಡಿ ಬರೋದಿಲ್ಲ," ಎಂದಳು. ಬೇಸರದಿಂದ ಅಲ್ಲ. ಇವತ್ತು ಹಾಲು ಬಂದಿಲ್ಲ ಎನ್ನುವ ದನಿಯಲ್ಲಿ.

ಸಭಿಕರೇ, ಬ್ಯಾಚಿಗೆ ಸೇರಿದವರು ಈವರೆಗೆ ಇಬ್ಬರು.

ಮಾರ್ಚ್ 24, ಸೋಮವಾರ

ತರಗತಿ ಆರಂಭ. ಸ್ಥಳ: ನಾಲ್ಕಂತಸ್ತಿನ ಕಾರ್ ಪಾರ್ಕಿಂಗ್ ಕಟ್ಟಡದ ಮೇಲಿನ ಮಹಡಿ. ಹಿಂದೆ ಇಲ್ಲಿ ಜಾಗಕ್ಕಾಗಿ ಜುಟ್ಟು ಹಿಡಿದು ಜಗಳವಾಗುತ್ತಿತ್ತು. ಈಗ ಪಾರಿವಾಳಗಳಿಗೂ ಬೇಡದಷ್ಟು ಖಾಲಿ. ಕಾರುಗಳ ಬಿಳಿಗೆರೆಗಳು ಹಾಗೇ ಇವೆ, ತಲೆ ಸಿಗದ ಬಾಚಣಿಗೆಯ ಹಾಗೆ.

ಮೊದಲ ವಿದ್ಯಾರ್ಥಿನಿ ಹೆಡ್‌ಮಿಸ್. ನಿವೃತ್ತ ಮುಖ್ಯೋಪಾಧ್ಯಾಯಿನಿ, ಅರವತ್ತಮೂರು ವರ್ಷ, ಬಿಳಿ ಕ್ಯಾನ್ವಾಸ್ ಶೂ. ಬಂದವರೇ ನನ್ನ ಹಾಜರಿ ತೆಗೆದುಕೊಂಡರು. "ಐದು ನಿಮಿಷ ಲೇಟು ನೀನು. ಕಾರಣ?" ಮೂರು ಸಾವಿರ ಜನ ನನ್ನನ್ನು ಸಾರ್ ಎಂದಿದ್ದಾರೆ. ಇವರೆದುರು ನನ್ನ ಕೈ ತಾನಾಗಿ ಬೆನ್ನ ಹಿಂದೆ ಹೋಯಿತು.

ಎರಡನೆಯವರು ಬೇಕರಿಯವರು. ಬ್ರೆಡ್ಡು ಹಂಚುವ ವ್ಯಾನಿಗೆ ದೊಡ್ಡ ರಸ್ತೆ ಮುಚ್ಚಿದ್ದರಿಂದ ಸೈಕಲ್ ಕಲಿಯಲು ಬಂದಿದ್ದಾರೆ. ಆಳು ಒಲೆಯಷ್ಟೇ ಅಗಲ, ಒಲೆಯಷ್ಟೇ ಬೆಚ್ಚಗೆ. "ಸೈಕಲ್ ತಡ್ಕೊಳ್ಳತ್ತಾ ಮೇಷ್ಟ್ರೇ?" ಎಂದು ಸೈಕಲ್ಲಿನ ಕ್ಷೇಮ ವಿಚಾರಿಸಿದರು.

ಈಗ ನನ್ನ ಆವಿಷ್ಕಾರ. ರಿಪೇರಿ ಅಂಗಡಿಯವನಿಂದ ಸ್ಕೂಲಿಗೆ ಕೊಂಡ ಎರಡೂ ಸೈಕಲ್ಲುಗಳ ಸೀಟಿನ ಹಿಂದೆ ಒಂದು ಕಬ್ಬಿಣದ ಹಿಡಿ ಹಾಕಿಸಿದ್ದೇನೆ. ಆ ಹಿಡಿಯ ಕೆಳಗೆ ಒಂದು ಪುಟ್ಟ ಬ್ರೇಕಿನ ಲಿವರು. ಅದರಿಂದ ಹಿಂದಿನ ಚಕ್ರಕ್ಕೆ ಬೇರೊಂದು ಕೇಬಲ್ಲು. ಸವಾರರಿಗೆ ಕಾಣುವುದಿಲ್ಲ. ನಾನು ಹಿಂದೆ ಓಡುತ್ತಾ ಬೇಕೆಂದಾಗ ಒತ್ತಬಹುದು. ರಿಪೇರಿಯವನು ತಲೆ ಕೆರೆದುಕೊಂಡ. ಹಾರನ್ ಮಾತ್ರ, "ಜಗತ್ತಲ್ಲೇ ಮೊದಲು!" ಎಂದು ಕೂಗಿ ಪಾರಿವಾಳಗಳನ್ನೆಲ್ಲ ಎಬ್ಬಿಸಿದರು.

ಏಪ್ರಿಲ್ 2, ಬುಧವಾರ

ಯಾರಿಗೂ ಬರುತ್ತಿಲ್ಲ. ಈಗ ಐದು ಜನ ಆಗಿದ್ದಾರೆ, ಐದೂ ಜನ ಬೀಳುತ್ತಾರೆ. ಬೇಕರಿಯವರು ಇಂದು ಏಳು ಸಲ. ಬೀಳುವಾಗಲೂ ಸಭ್ಯರು, "ಅಯ್ಯೋ ಸಾರಿ" ಎಂದು ನೆಲಕ್ಕೆ ಹೇಳುತ್ತಾರೆ.

ನನಗೆ ಅರ್ಥವಾಗದ್ದು ಒಂದೇ. ಚೆನ್ನಾಗಿಯೇ ಹೋಗುತ್ತಿರುತ್ತಾರೆ. ಸ್ವಲ್ಪ ವಾಲುತ್ತಾರೆ. ನಾನು ಒತ್ತುತ್ತೇನೆ. ಆಗ ಬೀಳುತ್ತಾರೆ. ಸಮಯಕ್ಕೆ ಸರಿಯಾಗಿ ಒತ್ತಿದರೂ ಬೀಳುವ ಇಂಥ ದಡ್ಡ ಬ್ಯಾಚನ್ನು ನಾನು ಕಂಡಿಲ್ಲ.

ಏಪ್ರಿಲ್ 5, ಶನಿವಾರ

ಬರೆಯಲು ಮನಸ್ಸಿಲ್ಲ. ಬರೆಯುತ್ತೇನೆ.

ಹೆಡ್‌ಮಿಸ್ ಇಂದು ಚೆನ್ನಾಗಿ ತುಳಿಯುತ್ತಿದ್ದರು. ನಾನು ಹಿಂದೆ ಹಿಡಿ ಹಿಡಿದು ಓಡುತ್ತಿದ್ದೆ. ಮಹಡಿಯ ದೀಪದ ಕಂಬವೊಂದು ಎದುರಾಯಿತು. ಅವರು ಅದನ್ನು ನೋಡಿದ್ದರು, ಹ್ಯಾಂಡಲ್ ತಿರುಗಿಸತೊಡಗಿದ್ದರು. ನನ್ನ ಬೆರಳು ಒತ್ತಿತು. ಸೈಕಲ್ಲು ಗಕ್ಕನೆ ನಿಂತಿತು. ಅವರು ಪಕ್ಕಕ್ಕೆ ಬಿದ್ದರು. ಮಂಡಿ ತರಚಿ ರಕ್ತ.

ಕೂತಲ್ಲಿಂದಲೇ ಕೇಳಿದರು, "ಯಾರು ಬ್ರೇಕ್ ಹಾಕಿದ್ದು?"

"ನೀವೇ ಮಿಸ್. ಗಾಬರೀಲಿ ಒತ್ತಿಬಿಟ್ರಿ. ಮೊದಮೊದಲು ಎಲ್ರಿಗೂ ಹಾಗೇ."

ಎಷ್ಟು ಸಲೀಸಾಗಿ ಬಂತು ಆ ಮಾತು. ನಾಲಿಗೆಗೆ ಎಣ್ಣೆ ಹಾಕಿಟ್ಟ ಹಾಗೆ.

ಅವರು ಎರಡೂ ಅಂಗೈ ತೆರೆದು ತೋರಿಸಿದರು. "ನೋಡಿಲ್ಲಿ. ನನ್ನ ಎಂಟು ಬೆರಳೂ ಹ್ಯಾಂಡಲ್ ಸುತ್ತ ಇದ್ವು. ಬ್ರೇಕಿನ ಹತ್ರಾನೂ ಹೋಗಿಲ್ಲ." ಎದ್ದು ಸೈಕಲ್ಲಿನ ಹಿಂದೆ ಬಂದು, ಹಿಡಿಯ ಕೆಳಗೆ ಕೈ ಹಾಕಿ, ಲಿವರು ಮುಟ್ಟಿ, ಕೇಬಲ್ಲನ್ನು ಚಕ್ರದ ತನಕ ಬೆರಳಲ್ಲೇ ಹಿಂಬಾಲಿಸಿದರು. ಮಿಕ್ಕ ನಾಲ್ವರೂ ಬಂದು ಸುತ್ತ ನಿಂತರು. ಬೇಕರಿಯವರು, "ಅಂದ್ರೆ ಆ ಏಳು ಸಲವೂ...?" ಎಂದು ನಿಲ್ಲಿಸಿದರು.

"ಮೂವತ್ತೆಂಟು ವರ್ಷ ಸುಳ್ಳು ಹೇಳೋ ಮಕ್ಕಳನ್ನ ನೋಡಿದ್ದೀನಪ್ಪಾ," ಎಂದರು ಹೆಡ್‌ಮಿಸ್. ದನಿ ಏರಿಸಲಿಲ್ಲ, ಅದೇ ಕಷ್ಟ. "ಒಂದೇ ಉಸಿರಲ್ಲಿ ಹೇಳಿಬಿಡು. ತುಂಡು ತುಂಡು ಮಾಡಿದ್ರೆ ಜಾಸ್ತಿ ನೋಯುತ್ತೆ."

"ನಾನೇ ಒತ್ತಿದ್ದು ಮಿಸ್."

"ಹಾಂ. ಅಷ್ಟೇ." ಕರ್ಚೀಫು ಮಂಡಿಗೆ ಕಟ್ಟಿಕೊಂಡರು. "ಇಷ್ಟು ಸಣ್ಣ ಮಾತಿಗೆ ಮುಖ ಯಾಕೆ ಹಂಗೆ ಬಿಳುಚಿಕೊಂಡಿದೆ? ನೀರು ಕುಡಿ ಹೋಗು."

ಕುಡಿದೆ. ಎರಡು ಲೋಟ.

ಏಪ್ರಿಲ್ 6, ಭಾನುವಾರ

ಕೇಬಲ್ಲುಗಳನ್ನು ಕತ್ತರಿಸಿ ಹಾಕಿಸಿದೆ. ರಿಪೇರಿಯವನು ಕಟಿಂಗ್ ಪ್ಲೇಯರ್ ಒರೆಸುತ್ತಾ, "ನಾನು ಆವತ್ತೇ ಹೇಳೋಣ ಅಂತಿದ್ದೆ ಸಾರ್. ಕಾರು ನಿಂತ್ರೆ ಉಳಿಯುತ್ತೆ, ಸೈಕಲ್ ನಿಂತ್ರೆ ಬೀಳುತ್ತೆ," ಎಂದ.

"ಹೇಳಬಹುದಿತ್ತಲ್ಲ?"

"ನೀವು ಮೇಷ್ಟ್ರು. ನಿಮಗೆ ಗೊತ್ತಿರತ್ತೆ ಅಂದ್ಕೊಂಡೆ."

ಏಪ್ರಿಲ್ 13, ಭಾನುವಾರ

ಬಿಡುವುದು ಹಿಡಿಯುವುದಕ್ಕಿಂತ ದೊಡ್ಡ ಕಸರತ್ತು ಎಂದು ಯಾವ ಶಾಸ್ತ್ರದಲ್ಲೂ ಬರೆದಿಲ್ಲ. ಹೆಡ್‌ಮಿಸ್ ತುಳಿಯುತ್ತಿದ್ದಾರೆ, ನಾನು ಓಡುತ್ತಿದ್ದೇನೆ, ಬೆರಳುಗಳಿಗೆ 'ಬಿಡಿ' ಎಂದು ಸುತ್ತೋಲೆ ಕಳಿಸುತ್ತಿದ್ದೇನೆ, ಅವು ಸರ್ಕಾರಿ ಕಚೇರಿಯಂತೆ ಅಲ್ಲಾಡುವುದಿಲ್ಲ. ಮೂರನೆಯ ಸುತ್ತಿನಲ್ಲಿ ಹೆಬ್ಬೆರಳು ರಾಜೀನಾಮೆ ಕೊಟ್ಟಿತು. ನಂತರ ಒಂದೊಂದಾಗಿ ಉಳಿದವು.

"ಹಿಡ್ಕೊಂಡಿದ್ದೀಯೇನಪ್ಪಾ?"

ಕಲಿಸುವವರೆಲ್ಲ ಇಲ್ಲಿ ಸುಳ್ಳು ಹೇಳುತ್ತಾರೆ. ಅದು ಒಪ್ಪಿತವಾದ ಸುಳ್ಳು. ಆದರೆ ಕಳೆದ ವಾರದಿಂದ ಇವರ ಹತ್ತಿರ ನನಗೆ ಸುಳ್ಳು ಬರುವುದಿಲ್ಲ.

"ಇಲ್ಲ ಮಿಸ್! ಬಿಟ್ಟು ಆಗಲೇ ಇಪ್ಪತ್ತು ಅಡಿ ಆಯ್ತು!"

"ಅಯ್ಯಯ್ಯೋ ಶತಮೂರ್ಖಾ!" ಎಂದು ಕಿರುಚಿದರು. ಬೀಳಲಿಲ್ಲ. ಮಹಡಿಯ ಕೊನೆಗೆ ಹೋಗಿ, ದೊಡ್ಡದಾಗಿ ತಿರುಗಿ, ಕಾರುಗಳ ಬಿಳಿಗೆರೆಗಳನ್ನೆಲ್ಲ ಅಡ್ಡ ಕೊಯ್ಯುತ್ತಾ ಬಂದರು. ಮೂವತ್ತೆಂಟು ವರ್ಷ ಮಕ್ಕಳಿಗೆ ಹೇಳಿದ್ದನ್ನು ತಾವೇ ಹೇಳಿಕೊಳ್ಳುತ್ತಿದ್ದರು: "ವೆರಿ ಗುಡ್. ವೆರಿ ಗುಡ್."

ಹೊಸ ಪದ್ಯ, ಆದಿಪ್ರಾಸ ಸಮೇತ:

ಹಿಡಿದ ಕೈಗೆ ಹಿಡಿಯೆ ಚಂದ,
ನಡೆವ ಚಕ್ರಕದುವೆ ಬಂಧ;
ಬಿಡು ಬಿಡೆಂದು ಕೂಗಿತಂದು
ತಡೆದ ಕೈಗೆ, ಗಾಲಿಯೊಂದು.

ಎರಡನೆಯ ಸಾಲು ಕುಂಟುತ್ತದೆ. ಆಮೇಲೆ ತಿದ್ದುತ್ತೇನೆ.

ಏಪ್ರಿಲ್ 22, ಮಂಗಳವಾರ

ವಿಶೇಷವೇನಿಲ್ಲ. ಬೇಕರಿಯವರು ಕಲಿತರು. ಇಂದು ಬೆಳಗ್ಗೆ ಹಿಂದೆ ಬ್ರೆಡ್ಡಿನ ಪೆಟ್ಟಿಗೆ ಕಟ್ಟಿಕೊಂಡು ದೊಡ್ಡ ರಸ್ತೆಯಲ್ಲಿ ಹೋದರು. ಬೀದಿ ಪೂರ್ತಿ ಬ್ರೆಡ್ಡಿನ ವಾಸನೆ. ಮುಂಚೆ ಹೊಗೆಯಲ್ಲಿ ಅದು ತಿಳಿಯುತ್ತಿರಲಿಲ್ಲವೆಂದು ಕಾಣುತ್ತದೆ. ಸಂಜೆ ಬರುವಾಗ ಸೇತುವೆಯ ಇಳಿಜಾರಿನಲ್ಲಿ ಪೆಡಲು ಬಿಟ್ಟು ಸುಮ್ಮನೆ ಕೂತೆ. ಗಾಳಿ ಅಂಗಿಯೊಳಗೆ ಹೋಗಿ ಬೆನ್ನ ಹಿಂದೆ ಚೀಲ ಕಟ್ಟಿತು.

ಕಾರು ಸ್ಟಾರ್ಟ್ ಆಗುತ್ತಿಲ್ಲವಂತೆ, ಮಗಳು ಹೇಳಿದಳು. ಬ್ಯಾಟರಿ ಇಳಿದಿರಬೇಕು. ನಾನು ಅದನ್ನು ಮುಟ್ಟಿ ಎಷ್ಟು ದಿನವಾಯಿತೋ ನೆನಪಿಲ್ಲ.

ಏಪ್ರಿಲ್ 28, ಸೋಮವಾರ

ಸಿಕ್ಕಿಬಿದ್ದೆ.

ಹೆಡ್‌ಮಿಸ್ ಹೊಸ ಕನ್ನಡಕಕ್ಕೆಂದು ಹೋದದ್ದು ನನ್ನ ಹೆಂಡತಿ ಕೆಲಸ ಮಾಡುವ ಅಂಗಡಿಗೇ. ಅಕ್ಷರಗಳ ಫಲಕ ಓದುತ್ತಾ ಓದುತ್ತಾ ನನ್ನ ಜಾತಕವನ್ನೂ ಓದಿದ್ದಾರೆ. ಸಂಜೆ ಹೆಂಡತಿ ಚಹಾ ಲೋಟವನ್ನು ಮೇಜಿನ ಮೇಲೆ ಸ್ವಲ್ಪ ಸದ್ದಾಗುವಂತೆ ಇಟ್ಟಳು.

"ನೂಕುನುಗ್ಗಲು ಅಂದಿದ್ರಲ್ಲ. ಐದೇ ಜನ ಅಂತೆ. ಆರನೆಯವರು ಸಿಗದೆ ಸ್ಕೂಲ್ ಮುಚ್ಚೋ ಹಾಗಾಗಿದೆ ಅಂತೆ."

"ಅದು... ನಿನಗೆ ಮೊಣಕಾಲು ನೋವು..."

"ಮೊಣಕಾಲು ನೋವಿರೋದು ನಿಮಗೆ."

ಮಗಳು ಪುಸ್ತಕದಿಂದ ತಲೆಯೆತ್ತದೆ, "ಅಪ್ಪಾ, ಸೋಲೊಪ್ಪಿಕೋ," ಎಂದಳು.

ಹೆಂಡತಿ ಎದುರು ಕೂತಳು. ಕಣ್ಣು ಪರೀಕ್ಷಿಸುವಾಗ ಹೀಗೇ ಕೂರುತ್ತಾಳೇನೋ, ತುಸು ಮುಂದೆ ಬಾಗಿ. "ನಿಜ ಹೇಳಿ. ನನ್ನ ಕೈಗೆ ಬರಲ್ಲ, ನಿಮ್ಮ ಹೆಸರು ಕೆಡುತ್ತೆ ಅಂತ ತಾನೇ? ಒಂದು ಸಲ ಮಾನ ಕಳೆದಿದ್ದೀನಿ ಅಂತ?"

ಛೆ ಛೆ, ಹಾಗೇನಿಲ್ಲ ಎಂದೆ. ಇನ್ನೇನೋ ಹೇಳಬೇಕಿತ್ತು. ಚಹಾ ಬಿಸಿಯಿತ್ತು, ಕುಡಿದೆ. ನಾಳೆಯಿಂದ ಬಾ ಎಂದೆ.

ಮೇ 9, ಶುಕ್ರವಾರ

ಹನ್ನೊಂದನೆಯ ದಿನ. ಐವರನ್ನು ಬಿಟ್ಟ ಕೈ ಆರನೆಯವಳ ಸೀಟಿಗೆ ಅಂಟಿಕೊಂಡಿದೆ. ಬ್ರೇಕು ಇಲ್ಲ, ಕೇಬಲ್ಲಿಲ್ಲ, ಬರೀ ಹಿಡಿ. ಬೇಕರಿಯವರ ಪ್ರಕಾರ ಅದನ್ನೇ ಹಿಂದಕ್ಕೆ ಎಳೆಯುತ್ತೇನಂತೆ. ನನಗೆ ಗೊತ್ತಾಗುವುದಿಲ್ಲ.

"ತುಂಬಾ ಭಾರ ಇದೆ ರೀ ಈ ಸೈಕಲ್ಲು. ನನ್ನ ಕಾಲಲ್ಲೇ ಶಕ್ತಿ ಇಲ್ವೇನೋ," ಎಂದಳು. ಬೆವರು ಒರೆಸಿಕೊಂಡು ಮತ್ತೆ ಹತ್ತಿದಳು. ಸೈಕಲ್ಲು ಭಾರವಿಲ್ಲ.

ಹೆಡ್‌ಮಿಸ್ ಆಚೆ ಕಟ್ಟೆಯ ಮೇಲೆ ಕೂತು ಎಲ್ಲವನ್ನೂ ನೋಡುತ್ತಿದ್ದರು. ಹೋಗುವಾಗ ನನ್ನ ಪಕ್ಕ ಸೈಕಲ್ ನಿಧಾನಿಸಿ, "ಅವಳು ಬಿದ್ದರೆ ನೋವು ಯಾರಿಗಯ್ಯಾ?" ಎಂದು ಕೇಳಿ, ಗಂಟೆ ಬಾರಿಸಿಕೊಂಡು ಹೋದರು.

ಮೇ 10, ಶನಿವಾರ

ಮಳೆ. ತರಗತಿ ಇಲ್ಲ. ಒಳ್ಳೆಯದಾಯಿತು.

ಮೇ 18, ಭಾನುವಾರ

ಬಿಟ್ಟೆ.

ಹೇಗೆ ಬಿಟ್ಟೆನೆಂದು ಕೇಳಿದರೆ, ಬುದ್ಧಿಯಿಂದಲ್ಲ. ಓಡುತ್ತಾ ನನ್ನ ಚಪ್ಪಲಿ ಕಿತ್ತುಹೋಯಿತು, ಬಗ್ಗಿದೆ, ತಲೆ ಎತ್ತುವಷ್ಟರಲ್ಲಿ ಅವಳು ದೂರದಲ್ಲಿದ್ದಳು. ಕೂಗಬೇಕೆನಿಸಿತು. 'ಬ್ರೇಕ್!' ಎಂಬ ಶಬ್ದ ಗಂಟಲಿಗೆ ಬಂತು. ನುಂಗಿದೆ. ಕಿತ್ತ ಚಪ್ಪಲಿಯನ್ನು ಎದೆಗೆ ಅವುಚಿಕೊಂಡು ನಿಂತಿದ್ದೆನೆಂದು ಆಮೇಲೆ ಬೇಕರಿಯವರು ಹೇಳಿದರು.

ಅವಳು ಒಂದು ಸುತ್ತು ಬಂದಳು. ಎರಡು. ಸೆರಗು ಸೊಂಟಕ್ಕೆ ಸಿಕ್ಕಿಸಿ, ತುಟಿ ಕಚ್ಚಿ, ಮುಂದೆ ಎಲ್ಲೋ ದೂರ ನೋಡುತ್ತಾ. ಮೂರನೆಯ ಸುತ್ತಿನಲ್ಲಿ ನನ್ನನ್ನು ದಾಟುವಾಗ, "ರೀ, ಭಾರ ಎಲ್ಲೋಯ್ತು!" ಎಂದು ನಕ್ಕಳು. ಇಪ್ಪತ್ತರ ವಯಸ್ಸಿನಲ್ಲಿ ಹಾಗೆ ನಗುತ್ತಿದ್ದಳು.

ಮೇ 25, ಭಾನುವಾರ

ಸಭಿಕರೇ, ಗೆದ್ದೆವು.

ಬೆಳಗ್ಗೆ ಏಳಕ್ಕೆ ಹಳದಿ ಕಂಬಗಳ ಬಳಿ ಆರೂ ಜನ ಸಾಲಾಗಿ ನಿಂತರು. ಹಾರನ್ ಆಗಲೇ ಆ ತುದಿಗೆ ಹೋಗಿ ಕಾಯುತ್ತಿದ್ದರು. ಎರಡು ಕಿಲೋಮೀಟರು ದೂರದಿಂದಲೂ ಅವರ "ಬನ್ನಿ ಬನ್ನಿ!" ಕೇಳಿಸುತ್ತಿತ್ತೆಂದು ಬೇಕರಿಯವರು ಆಣೆ ಮಾಡುತ್ತಾರೆ. ಹೆಡ್‌ಮಿಸ್ ಮುಂದೆ, ಹೆಂಡತಿ ಕೊನೆಯಲ್ಲಿ, ಅವಳ ಹಿಂದೆ ಹತ್ತು ಅಡಿ ಬಿಟ್ಟು ನಾನು.

ಗ್ರಂಥಾಲಯದ ತಿರುವಿನಲ್ಲಿ ಅಡ್ಡರಸ್ತೆಯಿಂದ ಕಸದ ಲಾರಿ ಬಂತು. ಅಡ್ಡರಸ್ತೆಗಳಲ್ಲಿ ಅವು ಇನ್ನೂ ಓಡುತ್ತವೆ. ಮುಂದಿನ ಐವರು ದಾಟಿಯಾಗಿತ್ತು. ಅವಳು ತಿರುವಿಗೆ ಬಂದಿದ್ದಳು. ನನ್ನ ಬಲಗಾಲು ಪೆಡಲಿನಿಂದ ಎದ್ದು ಗಾಳಿಯನ್ನು ಒತ್ತಿತು. ನನ್ನ ಸೈಕಲ್ಲು ವಾಲಿತು, ಫುಟ್‌ಪಾತಿಗೆ ಕಾಲೂರಿದೆ.

ಅವಳು ಲಾರಿಯನ್ನು ನೋಡಿದ್ದಳು. ತಲೆ ಒಂದು ಸಲ ಅತ್ತ ತಿರುಗಿ ಇತ್ತ ಬಂತು. ತುಳಿತ ಒಂದು ಕ್ಷಣ ನಿಧಾನಿಸಿ, ಲಾರಿಯವನೂ ನಿಧಾನಿಸಿದ್ದನ್ನು ಕಂಡು, ಮತ್ತೆ ಜೋರಾಯಿತು. ನಡುವೆ ಆನೆ ಹೋಗುವಷ್ಟು ಜಾಗವಿತ್ತು. ಲಾರಿಯ ಡ್ರೈವರು ಅವಳಿಗೆ ಕೈಯೆತ್ತಿದ, ಅವಳು ಗಂಟೆ ಬಾರಿಸಿದಳು. ಅಷ್ಟೇ. ಅವಳ ಅಂದಾಜು ಗೆರೆ ಎಳೆದಂತೆ ಸರಿಯಾಗಿತ್ತು.

ಆ ತುದಿ ಮುಟ್ಟಿದಾಗ ಹಾರನ್ ನನ್ನ ಬೆನ್ನಿಗೆ ಗುದ್ದಿದರು. "ಆರಕ್ಕೆ ಆರು! ಸ್ಕೂಲ್ ಬೋರ್ಡ್ ಬದಲಾಯಿಸ್ತೀನಿ ಮೇಷ್ಟ್ರೇ! ಜೂನ್ ಬ್ಯಾಚಿಗೆ ಹದಿನೆಂಟು ಜನ ಹೆಸರು ಕೊಟ್ಟಿದ್ದಾರೆ!" ಬೇಕರಿಯವರು ಎಲ್ಲರಿಗೂ ಬಿಸಿ ಬನ್ನು ಹಂಚಿದರು. ಹೆಡ್‌ಮಿಸ್ ನನ್ನ ಕೈಗೂ ಒಂದಿಟ್ಟು, "ಕಾಲೂರಿದ್ದು ನೀನೊಬ್ಬನೇ. ನೋಡಿದೆ," ಎಂದರು.

ಹಿಂದಿರುಗುವಾಗ ನಾನೂ ಅವಳೂ ಪಕ್ಕಪಕ್ಕ. ಅವಳ ಸೈಕಲ್ಲಿಗೆ ಮಗಳು ಬುಟ್ಟಿ ಕಟ್ಟಿಸಿಕೊಟ್ಟಿದ್ದಾಳೆ. ಉಳಿದ ಬನ್ನು ಅದರಲ್ಲಿತ್ತು.

"ಒಂದು ಮಾತು ಹೇಳ್ಲಾ?" ಎಂದಳು. "ಆ ಲಾರಿ ಬಂದಾಗ ನನಗೆ ಅವತ್ತಿನ ಪರೀಕ್ಷೆ ನೆನಪಾಯ್ತು. ಅವತ್ತೂ ಹೀಗೇ ಲಾರಿ. ಅವತ್ತೂ ಹೋಗಬಹುದು ಅಂತಲೇ ಅನ್ಕೊಂಡಿದ್ದೆ. ಕಾಲು ಯಾವಾಗ ಬ್ರೇಕ್ ಒತ್ತಿತೋ ಗೊತ್ತೇ ಆಗಲಿಲ್ಲ. ಅವತ್ತಿಂದ ನನಗೆ ನನ್ನ ಕಾಲ ಮೇಲೇ ನಂಬಿಕೆ ಇರ್ಲಿಲ್ಲ ಕಣ್ರೀ. ಮೆಟ್ಟಿಲು ಇಳಿಯುವಾಗಲೂ." ಗುಂಡಿಯೊಂದನ್ನು ಸಲೀಸಾಗಿ ಬಳಸಿ ಬಂದಳು. "ಇವತ್ತು ಬಂತು. ಹೋಗ್ಲಿ ಬಿಡಿ, ಬರದೇ ಇದ್ದದ್ದು ಕಾರೊಂದೇ."

ಏನೋ ಒಂದು ಪ್ರಾಸ ಕಟ್ಟಿ ನಗಿಸೋಣವೆಂದು ನೋಡಿದೆ. ಮನೆ ಬರುವ ತನಕ ಹುಡುಕಿದೆ. ಸಿಗಲಿಲ್ಲ.

ಮೇ 26, ಸೋಮವಾರ, ಬೆಳಗ್ಗೆ

ಮಾನ್ಯ ಅಧ್ಯಕ್ಷರೇ, ಗಣ್ಯರೇ, ಮಹಾಜನರೇ

ಇಲ್ಲ. ಇಲ್ಲಿ ಅಧ್ಯಕ್ಷರೂ ಇಲ್ಲ, ಗಣ್ಯರೂ ಇಲ್ಲ. ಖಾಲಿ ಕುರ್ಚಿಗಳಿಗೆ ಮೂರು ತಿಂಗಳು ಭಾಷಣ ಮಾಡಿದ್ದೇನೆ. ಕೇಳಬೇಕಾದವಳು ಒಬ್ಬಳೇ, ಅವಳು ಅಡುಗೆಮನೆಯಲ್ಲಿ ಡಬ್ಬಿ ಮುಚ್ಚುತ್ತಿದ್ದಾಳೆ. ಎಂಟೂ ಕಾಲಿಗೆ ಹೊರಡುತ್ತಾಳೆ. ಈಗ ಎಂಟು.

ಒಂದೇ ಉಸಿರಲ್ಲಿ ಹೇಳಬೇಕಂತೆ. ಬಾಯಲ್ಲಿ ಬರುವುದಿಲ್ಲ, ಬರೆಯುತ್ತೇನೆ. ಈ ಪುಸ್ತಕವನ್ನು ನಿನ್ನ ಸೈಕಲ್ಲಿನ ಬುಟ್ಟಿಯಲ್ಲಿ ಇಡುತ್ತೇನೆ. ಮೊದಲಿಂದ ಓದಬೇಡ. ಇಲ್ಲಿಂದ ಓದು.

ಅವತ್ತು ನೀನು ಲಾರಿಯನ್ನು ನೋಡಿದ್ದೆ. ಗೇರು ಇಳಿಸಿದ್ದೆ. ಜಾಗವಿತ್ತು. ಬ್ರೇಕ್ ಒತ್ತಿದ್ದು ನಾನು. ಹಿಂದಿನ ಸೀಟಿನಿಂದ ಪರೀಕ್ಷಕರು "ನಡುರಸ್ತೇಲಿ ನಿಲ್ಲಿಸಿಬಿಟ್ರಲ್ಲಮ್ಮಾ" ಎಂದರು. ನೀನು ನಿನ್ನ ಕಾಲನ್ನು ನೋಡಿಕೊಂಡೆ, ಆಮೇಲೆ ನನ್ನನ್ನು ನೋಡಿದೆ. ನಾನು ಕಿಟಕಿಯಾಚೆ ನೋಡಿದೆ. ಪರೀಕ್ಷೆಯಲ್ಲಿ ಮೇಷ್ಟ್ರು ಬ್ರೇಕ್ ಮುಟ್ಟಿದರೆ ಮೇಷ್ಟ್ರ ಕೆಲಸ ಹೋಗುತ್ತಿತ್ತು. ಅದು ಅವತ್ತಿನ ಒಂದು ದಿನಕ್ಕೆ ಕಾರಣ. ಮಿಕ್ಕ ಹದಿನಾರು ವರ್ಷಕ್ಕೆ ನನ್ನ ಹತ್ತಿರ ಕಾರಣವಿಲ್ಲ. ನೆಂಟರು ನಕ್ಕಾಗ ನಾನೂ ನಕ್ಕೆ.

ಬೀಗದ ಕೈ ಹುಡುಕುತ್ತಿದ್ದೀ, ಸದ್ದು ಕೇಳುತ್ತಿದೆ.

ನಿನ್ನ ಕಾಲು ಏನೂ ಮಾಡಲಿಲ್ಲ. ನಿನಗೆ ಕಾರು ಬರುತ್ತಿತ್ತು.